ಬಾನಿನಿಂದ ಬಿದ್ದ ಕಲ್ಲು: ಬೆಳಕು ಕಂಡ ಕ್ಷಣದಿಂದ ಕಲ್ಲು ಪ್ರಯೋಗಾಲಯ ಸೇರುವವರೆಗೆ

ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಹೊಸೂರು ದಾಟಿದ ಮೇಲೆ ಸಿಗುವ ಶೂಲಗಿರಿಯ ಸುತ್ತಮುತ್ತ 2008ರ ಸೆಪ್ಟೆಂಬರ್ 12ರಂದು ಆಕಾಶದಿಂದ ಕಲ್ಲುಗಳು ಬಿದ್ದವು. ಸಂಗ್ರಹವಾದ ತುಂಡುಗಳ ಒಟ್ಟು ತೂಕ ನೂರು ಕಿಲೋ ದಾಟಿತು. ಕರ್ನಾಟಕದ ನೆಲದಲ್ಲೂ ಇಂಥ ಘಟನೆಗಳು ದಾಖಲಾಗಿವೆ: 1865ರ ಸೆಪ್ಟೆಂಬರ್‌ನಲ್ಲಿ ಮದ್ದೂರಿನಲ್ಲಿ ಬಿದ್ದ ಸುಮಾರು ನಾಲ್ಕೂವರೆ ಕಿಲೋ ತೂಕದ ಕಲ್ಲು ಮತ್ತು 1866ರಲ್ಲಿ ಉಡುಪಿಯಲ್ಲಿ ಬಿದ್ದ ಸುಮಾರು ಮೂರೂವರೆ ಕಿಲೋ ತೂಕದ ಕಲ್ಲು, ಎರಡೂ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇಂದಿಗೂ ಇವೆ. ಮದ್ದೂರಿನ ಘಟನೆಗೆ ಒಂದು ತಿಂಗಳ ಹಿಂದೆ, 1865ರ ಆಗಸ್ಟ್ 25ರಂದು, ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಸುಮಾರು ಐದು ಕಿಲೋದ ಕಲ್ಲು ಮಂಗಳ ಗ್ರಹದ್ದೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಂದು ಯಾರೋ ಅದನ್ನು ದಿನಾಂಕ, ಊರುಗಳ ಸಮೇತ ಜೋಪಾನವಾಗಿ ಎತ್ತಿಟ್ಟಿದ್ದರಿಂದಲೇ ಇಂದು ಅದೇ ಬಗೆಯ ಮಂಗಳ ಶಿಲೆಗಳಿಗೆಲ್ಲ ಆ ಊರಿನ ಹೆಸರು ಉಳಿದಿದೆ.

ಕಲ್ಲು ಯಾವಾಗ, ಎಲ್ಲಿ, ಯಾವ ದಿಕ್ಕಿನಿಂದ ಬಂತು, ಬಿದ್ದ ಮೇಲೆ ಅದಕ್ಕೆ ಏನೇನು ತಗುಲಿತು ಎಂಬುದು ಗೊತ್ತಿಲ್ಲದಿದ್ದರೆ ಅದರ ವೈಜ್ಞಾನಿಕ ಬೆಲೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಈ ವಿವರಗಳನ್ನು ಉಳಿಸಿಕೊಡಬಲ್ಲವರು ಆ ಹೊತ್ತಿಗೆ ಅಂಗಳದಲ್ಲೋ ಹೊಲದಲ್ಲೋ ನಿಂತಿದ್ದ ಸಾಮಾನ್ಯ ಜನ. ಅವರಿಗಾಗಿ ಈ ಮಾರ್ಗದರ್ಶಿ.

ಯಾವ ಬೆಳಕು ಕಲ್ಲನ್ನು ತರುತ್ತದೆ?

ರಾತ್ರಿ ಸರ್ರನೆ ಗೀರಿ ಮಾಯವಾಗುವ, ನಾವು ‘ನಕ್ಷತ್ರ ಬಿತ್ತು’ ಎನ್ನುವ ಬೆಳಕಿನ ಗೆರೆಗಳಲ್ಲಿ ಹೆಚ್ಚಿನವು ಮರಳಿನ ಕಣದಷ್ಟು ಸಣ್ಣ ಧೂಳಿನಿಂದ ಉಂಟಾಗುತ್ತವೆ. ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗುವ ಈ ಕಣಗಳು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ. ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಉತ್ತುಂಗಕ್ಕೇರುವ ಜೆಮಿನಿಡ್ ಉಲ್ಕಾವರ್ಷವಾಗಲಿ, ಆಗಸ್ಟ್ 12-13ರ ಪರ್ಸಿಯಿಡ್ ಆಗಲಿ ಎಷ್ಟೇ ಸೊಗಸಾಗಿದ್ದರೂ ನೆಲಕ್ಕೆ ಕಲ್ಲನ್ನು ತರುವುದಿಲ್ಲ. ಉಲ್ಕಾವರ್ಷದ ಮರುದಿನ ಹೊಲದಲ್ಲಿ ಕಪ್ಪು ಕಲ್ಲು ಸಿಕ್ಕಿದರೆ ಅವೆರಡಕ್ಕೂ ಸಂಬಂಧ ಕಲ್ಪಿಸಬೇಡಿ.

ನೆಲದವರೆಗೆ ಬರುವ ಕಲ್ಲುಗಳು ಬಹುತೇಕ ಕ್ಷುದ್ರಗ್ರಹಗಳ ತುಂಡುಗಳು. ಅವು ವರ್ಷದ ಯಾವ ದಿನವಾದರೂ, ಹಗಲಿನಲ್ಲೂ ಬೀಳಬಹುದು. ಅವುಗಳ ಬೆಳಕು ಶುಕ್ರ ಗ್ರಹಕ್ಕಿಂತ, ಎಷ್ಟೋ ಸಲ ಹುಣ್ಣಿಮೆಯ ಚಂದ್ರನಿಗಿಂತ ಪ್ರಖರವಾಗಿರುತ್ತದೆ. ಕೆಲವು ಸೆಕೆಂಡುಗಳ ಕಾಲ ಉಳಿಯುತ್ತದೆ. ಕೊನೆಯಲ್ಲಿ ಒಡೆದು ಕಿಡಿಗಳಾಗಿ ಚೆದರುತ್ತದೆ. ಕೆಲವು ಹೊತ್ತಿನ ಬಳಿಕ ಗುಡುಗಿನಂಥ ಸದ್ದು ಕೇಳಿಸುತ್ತದೆ. ಈ ಸದ್ದೇ ಅತಿ ಮುಖ್ಯವಾದ ಸುಳಿವು, ಏಕೆಂದರೆ ಕಲ್ಲು ದಟ್ಟವಾದ ಕೆಳ ವಾತಾವರಣದವರೆಗೆ ಉಳಿದು ಬಂದಿದೆ ಎಂದು ಅದು ಹೇಳುತ್ತದೆ.

ಉಪಗ್ರಹ ಅಥವಾ ರಾಕೆಟ್‌ಗಳ ಅವಶೇಷ ಮರಳಿ ಬೀಳುವಾಗಲೂ ಇಂಥದೇ ದೃಶ್ಯ ಕಾಣುತ್ತದೆ, ಆದರೆ ಅದು ನಿಧಾನ. ಹಲವು ತುಂಡುಗಳು ಸಾಲಾಗಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಬಾನನ್ನು ಅಡ್ಡಹಾಯುತ್ತವೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಅನೇಕ ಜಿಲ್ಲೆಗಳಲ್ಲಿ ಜನ ಕಂಡದ್ದು ಚೀನಾದ ರಾಕೆಟ್ಟಿನ ಭಾಗವನ್ನು. ಚಂದ್ರಪುರ ಜಿಲ್ಲೆಯಲ್ಲಿ ಅದರ ಲೋಹದ ದೊಡ್ಡ ಬಳೆಯೊಂದು ಬಿದ್ದಿತ್ತು. ಇಂಥ ಲೋಹದ ಅವಶೇಷಗಳನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿ. ರಾಕೆಟ್‌ನ ಇಂಧನ ತೊಟ್ಟಿಗಳಲ್ಲಿ ವಿಷಕಾರಿ ರಾಸಾಯನಿಕ ಉಳಿದಿರುವ ಸಾಧ್ಯತೆಯಿದೆ.

ಮೊದಲ ಐದು ನಿಮಿಷ

ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯ ಬಳಿಗೆ ಓಡಬೇಡಿ. ಒಳಗಿದ್ದರೆ ಗಾಜಿನಿಂದ ದೂರ ಸರಿಯಿರಿ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಗಾತ್ರದ ಬಂಡೆ ಸಿಡಿದಾಗ, ಬೆಳಕು ಕಂಡು ಜನ ಕಿಟಕಿಯಿಂದ ಹಣಕಿದರು. ಒಂದೆರಡು ನಿಮಿಷಗಳ ಬಳಿಕ ಆಘಾತ ತರಂಗ ಬಂದು ಗಾಜುಗಳನ್ನು ಒಡೆಯಿತು. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಬಹುಪಾಲು ಜನರಿಗೆ ತಗುಲಿದ್ದು ಗಾಜಿನ ಚೂರುಗಳೇ ಹೊರತು ಕಲ್ಲಲ್ಲ.

ಬೆಳಕು ಆರಿದ ಕೂಡಲೇ ಮನಸ್ಸಿನಲ್ಲೇ ಸೆಕೆಂಡುಗಳನ್ನು ಎಣಿಸತೊಡಗಿ, ಅಥವಾ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. 120 ಸೆಕೆಂಡುಗಳ ಬಳಿಕ ಸದ್ದು ಕೇಳಿದರೆ ಅದು ನಿಮ್ಮಿಂದ ಸುಮಾರು 40 ಕಿಲೋಮೀಟರ್ ದೂರದಿಂದ ಬಂದಿದೆ ಎಂದಾಗುತ್ತದೆ. ಐದು ನಿಮಿಷದವರೆಗೂ ಕಾಯಿರಿ. ಸದ್ದು ಬಾರದಿದ್ದರೆ ‘ಸದ್ದು ಕೇಳಲಿಲ್ಲ’ ಎಂಬುದನ್ನೂ ಬರೆದುಕೊಳ್ಳಿ.

ಆಮೇಲೆ ನಿಂತ ಜಾಗ ಬಿಟ್ಟು ಕದಲಬೇಡಿ. ಬೆಳಕು ಮೊದಲು ಕಂಡದ್ದೆಲ್ಲಿ, ಆರಿದ್ದೆಲ್ಲಿ ಎಂಬ ಎರಡು ಬಿಂದುಗಳನ್ನು ಸುತ್ತಲಿನ ವಸ್ತುಗಳ ಆಧಾರದಿಂದ ಗುರುತಿಸಿ: ನೀರಿನ ಟ್ಯಾಂಕಿನ ಎಡಕ್ಕೆ, ಪಕ್ಕದ ಮನೆಯ ತೆಂಗಿನ ಸುಳಿಗಿಂತ ಒಂದು ಮುಷ್ಟಿ ಮೇಲೆ, ಹೀಗೆ. ತೋಳು ನೀಳವಾಗಿ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಆವರಿಸುತ್ತದೆ. ಅಳತೆಗೆ ಅದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ. ಅಲ್ಲಿಂದಲೇ ಆ ಎರಡು ದಿಕ್ಕುಗಳ ಫೋಟೋ ತೆಗೆಯಿರಿ, ಮೊಬೈಲಿನ ದಿಕ್ಸೂಚಿಯಲ್ಲಿ ಡಿಗ್ರಿ ನೋಡಿ ಬರೆಯಿರಿ, ನೀವು ನಿಂತ ಜಾಗದ ಲೊಕೇಶನ್ ಉಳಿಸಿಕೊಳ್ಳಿ. ಕತ್ತಲಲ್ಲಿ ಫೋಟೋ ಸರಿಯಾಗಿ ಬಾರದಿದ್ದರೆ ಬೆಳಗಾದ ಮೇಲೆ ಅದೇ ಜಾಗದಲ್ಲಿ ನಿಂತು ತೆಗೆದರೂ ಸಾಕು. ಎಷ್ಟು ಹೊತ್ತು ಉರಿಯಿತು ಎಂಬುದನ್ನು ಅಂದಾಜಿನಲ್ಲಿ ಹೇಳುವ ಬದಲು, ಬೆಳಕು ಸಾಗಿದ ಹಾದಿಯನ್ನು ಅದೇ ವೇಗದಲ್ಲಿ ಬೆರಳಿನಿಂದ ಮತ್ತೆ ಎಳೆದು ತೋರಿಸಿ ಗಡಿಯಾರದಲ್ಲಿ ಅಳೆಯಿರಿ; ಹೀಗೆ ಮಾಡದಿದ್ದರೆ ಮೂರು ಸೆಕೆಂಡು ನೆನಪಿನಲ್ಲಿ ಹತ್ತಾಗುವುದು ಸಹಜ.

ಇಲ್ಲಿ ಬಹುತೇಕ ಎಲ್ಲರೂ ಮೋಸಹೋಗುವ ಒಂದು ಸಂಗತಿಯಿದೆ. ಬೆಂಕಿಯುಂಡೆ ಮುಂದಿನ ತೋಟದ ಹಿಂದೆಯೇ, ಊರಾಚೆಯ ಕೆರೆ ಏರಿಯ ಮೇಲೆಯೇ ಬಿದ್ದಂತೆ ಕಾಣುತ್ತದೆ. ವಾಸ್ತವದಲ್ಲಿ ಬೆಳಕು 20-30 ಕಿಲೋಮೀಟರ್ ಎತ್ತರದಲ್ಲಿಯೇ ಆರಿರುತ್ತದೆ. ಅದು ದಿಗಂತದ ಹತ್ತಿರ ಕಂಡಿತೆಂದರೆ ನಿಮ್ಮಿಂದ ನೂರು ಕಿಲೋಮೀಟರಿಗೂ ದೂರ ಇದ್ದಿರಬಹುದು. ಒಬ್ಬರ ಕಣ್ಣಿಗೆ ತೋಟದ ಹಿಂದೆ ಬಿದ್ದದ್ದು ಎರಡು ಜಿಲ್ಲೆಗಳ ಆಚೆಯವರಿಗೆ ನೆತ್ತಿಯ ಮೇಲೆ ಕಂಡಿರುತ್ತದೆ. ಆದ್ದರಿಂದ ಕೂಡಲೇ ಟಾರ್ಚ್ ಹಿಡಿದು ತೋಟಕ್ಕೆ ನುಗ್ಗುವುದಕ್ಕಿಂತ, ಬೇರೆ ಬೇರೆ ಊರುಗಳ ನೆಂಟರಿಗೆ, ಗೆಳೆಯರಿಗೆ ಫೋನ್ ಮಾಡಿ ಅವರಿಗೆ ಯಾವ ದಿಕ್ಕಿನಲ್ಲಿ ಕಂಡಿತು ಎಂದು ಕೇಳುವುದು ಹೆಚ್ಚು ಉಪಯುಕ್ತ. ಎರಡು ದೂರದ ಸ್ಥಳಗಳಿಂದ ದಿಕ್ಕು ಸಿಕ್ಕರೆ ನಕ್ಷೆಯ ಮೇಲೆ ಎರಡು ಗೆರೆ ಎಳೆದು ಅವು ಕೂಡುವ ಜಾಗವನ್ನು ಅಂದಾಜಿಸಬಹುದು.

ಸಿಸಿಟಿವಿ ದೃಶ್ಯಗಳು ಇದಕ್ಕಿಂತಲೂ ಬಲವಾದ ಸಾಕ್ಷಿ, ಆದರೆ ಅಂಗಡಿ, ಪೆಟ್ರೋಲ್ ಬಂಕ್, ಮನೆಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಮರುದಿನ ಬೆಳಿಗ್ಗೆಯೇ ಹೋಗಿ ವಿನಂತಿಸಿ ಪ್ರತಿ ಪಡೆಯಿರಿ. ಸಿಸಿಟಿವಿಯ ಗಡಿಯಾರ ಸಾಮಾನ್ಯವಾಗಿ ಕೆಲವು ನಿಮಿಷ ಹಿಂದೆಮುಂದೆ ಇರುವುದರಿಂದ, ಆ ಪರದೆಯ ಸಮಯದ ಪಕ್ಕದಲ್ಲಿ ನಿಮ್ಮ ಮೊಬೈಲಿನ ಸಮಯವೂ ಕಾಣುವಂತೆ ಹಿಡಿದು ಒಂದು ಫೋಟೋ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಲೆಕ್ಕ ಹಾಕುವವರಿಗೆ ಇದೊಂದು ಫೋಟೋ ದೊಡ್ಡ ಉಪಕಾರ. ಇಷ್ಟನ್ನೂ ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಷನ್ನಿನ ಜಾಲತಾಣದಲ್ಲಿರುವ ಬೆಂಕಿಯುಂಡೆ ವರದಿಯ ನಮೂನೆಯಲ್ಲಿ ಅದೇ ದಿನ ತುಂಬಿ. ಬೇರೆ ದೇಶಗಳಲ್ಲಿರುವ ಕನ್ನಡಿಗರಿಗೂ ಇದೇ ನಮೂನೆ ಸಾಕಾಗುತ್ತದೆ.

ಕಣ್ಣನ್ನು ಪಳಗಿಸಿಕೊಳ್ಳುವ ಬಗೆ

ದಿಕ್ಕು, ಎತ್ತರ, ಅವಧಿ ಅಂದಾಜಿಸುವುದು ಅಭ್ಯಾಸದಿಂದ ಬರುವ ವಿದ್ಯೆ. ಅದಕ್ಕೆ ನಮ್ಮಲ್ಲಿ ಜೆಮಿನಿಡ್ ಉಲ್ಕಾವರ್ಷಕ್ಕಿಂತ ಒಳ್ಳೆಯ ಪಾಠವಿಲ್ಲ. ಪರ್ಸಿಯಿಡ್ ಬರುವ ಹೊತ್ತಿಗೆ ಕರ್ನಾಟಕದಲ್ಲಿ ಮಳೆಗಾಲದ ಮೋಡ. ಡಿಸೆಂಬರ್‌ನಲ್ಲಿ ಬಾನು ಬಹುಮಟ್ಟಿಗೆ ತಿಳಿ. ಪುನರ್ವಸುವಿನ ಜೋಡಿ ನಕ್ಷತ್ರಗಳಿರುವ ಮಿಥುನ ರಾಶಿ ರಾತ್ರಿ ಎಂಟರ ಹೊತ್ತಿಗೆ ಈಶಾನ್ಯದಲ್ಲಿ ಮೇಲೇರಿ ರಾತ್ರಿ ಎರಡರ ಸುಮಾರಿಗೆ ನೆತ್ತಿಯ ಸಮೀಪ ಬರುತ್ತದೆ. ಊರ ದೀಪಗಳಿಂದ ದೂರ ಚಾಪೆ ಹಾಸಿ ಮಲಗಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ, ಆ ಹೊತ್ತಿನಲ್ಲಿ ಮೊಬೈಲ್ ಪರದೆ ನೋಡಬೇಡಿ. ಜೆಮಿನಿಡ್ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದವು, ಪರ್ಸಿಯಿಡ್‌ಗಳಿಗಿಂತ ನಿಧಾನ, ಹಾಗಾಗಿ ಹಾದಿಯನ್ನು ಗುರುತು ಹಾಕಿಕೊಳ್ಳಲು ಹೊಸಬರಿಗೂ ಸಮಯ ಸಿಗುತ್ತದೆ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದ ಪುಡಿ ಇವು. ಉಳಿದ ದೊಡ್ಡ ಉಲ್ಕಾವರ್ಷಗಳಲ್ಲಿ ಹೆಚ್ಚಿನವಕ್ಕೆ ಧೂಮಕೇತುಗಳು ಮೂಲ. ಚಂದ್ರ ಪ್ರಖರವಾಗಿರುವ ವರ್ಷ ನಿರೀಕ್ಷೆ ಕಡಿಮೆ ಇರಲಿ.

ಹುಡುಕುವುದು

ಬೆಳಕು ಆರಿದ ಮೇಲೆ ಕಲ್ಲು ಕತ್ತಲಲ್ಲೇ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಗಾಳಿಯ ತಡೆಯಿಂದ ಬಾಹ್ಯಾಕಾಶದ ವೇಗವೆಲ್ಲ ಕಳೆದು, ಸಣ್ಣ ಕಲ್ಲುಗಳು ಗಂಟೆಗೆ ಕೆಲವು ನೂರು ಕಿಲೋಮೀಟರ್ ವೇಗದಲ್ಲಷ್ಟೆ ನೆಲ ಮುಟ್ಟುತ್ತವೆ. ಆದ್ದರಿಂದ ಅವು ದೊಡ್ಡ ಕುಳಿ ತೋಡುವುದಿಲ್ಲ, ಬೆಂಕಿ ಹಚ್ಚುವುದಿಲ್ಲ. 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದಲ್ಲಿ ಸುಮಾರು ಎರಡು ಕಿಲೋದ ಕಲ್ಲು ಹೊಲಕ್ಕೆ ಬಿದ್ದಾಗ ಉಂಟಾದದ್ದು ಪುಟ್ಟ ತಗ್ಗು ಮಾತ್ರ. ಮಹಾರಾಷ್ಟ್ರದ ಲೋಣಾರ್‌ನಲ್ಲಿರುವಂಥ, ಸುಮಾರು 1.8 ಕಿಲೋಮೀಟರ್ ವ್ಯಾಸದ ಕುಳಿಗೆ ಕಾರಣವಾಗುವ ಬಂಡೆಗಳ ಮಾತೇ ಬೇರೆ. ಸುಟ್ಟು ಕರಕಲಾದ ಹುಲ್ಲು, ಹೊಗೆಯಾಡುವ ಗುಂಡಿ ಕಂಡರೆ ಬೇರೆ ಕಾರಣವನ್ನು ಮೊದಲು ಹುಡುಕಿ.

ಒಡೆದ ಉಲ್ಕೆಯ ತುಂಡುಗಳು ಸಾಗುತ್ತಿದ್ದ ದಿಕ್ಕಿನಲ್ಲಿ ಉದ್ದನೆಯ ಅಂಡಾಕಾರದ ಪ್ರದೇಶದಲ್ಲಿ ಹರಡುತ್ತವೆ. ಹಗುರವಾದವು ಮೊದಲೇ ಬೀಳುತ್ತವೆ, ಭಾರವಾದವು ಮುಂದಕ್ಕೆ ಹೋಗುತ್ತವೆ. 2008ರ ಅಕ್ಟೋಬರ್ 7ರಂದು ಸುಡಾನಿನ ಮರುಭೂಮಿಯ ಮೇಲೆ ಸಿಡಿದ ಪುಟ್ಟ ಕ್ಷುದ್ರಗ್ರಹವನ್ನು ದೂರದರ್ಶಕಗಳು ಸುಮಾರು 19 ಗಂಟೆ ಮುಂಚೆಯೇ ಗುರುತಿಸಿದ್ದವು; ಆಮೇಲೆ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಲಾಗಿ ಅಂತರ ಬಿಟ್ಟು ನಿಂತು ಮರಳಿನ ಮೇಲೆ ನಡೆಯುತ್ತಾ ಹುಡುಕಿದರು, ಮತ್ತೆ ಮತ್ತೆ ನಡೆದ ಹುಡುಕಾಟಗಳಲ್ಲಿ ಒಟ್ಟು ಸುಮಾರು 600 ತುಂಡುಗಳು ಸಿಕ್ಕವು. ನಮ್ಮಲ್ಲೂ ಅದೇ ಕ್ರಮ ನಡೆಯುತ್ತದೆ: ಜಮೀನಿನವರ ಒಪ್ಪಿಗೆ ಪಡೆದು, ಮೊದಲು ಉಳುಮೆ ಮಾಡಿದ ಬಯಲು, ಒಣಗಿದ ಕೆರೆಯಂಗಳ, ಆಟದ ಮೈದಾನ, ತಾರಸಿ, ರಸ್ತೆಗಳನ್ನು ನೋಡಿ. ಹೆಂಚು ಅಥವಾ ಶೀಟು ಹೊಸದಾಗಿ ಒಡೆದಿರುವ ಮನೆಗಳ ಬಗ್ಗೆ ವಿಚಾರಿಸಿ. ಕಾಡು ಮತ್ತು ಎತ್ತರದ ಬೆಳೆಯ ನಡುವೆ ಹುಡುಕುವುದರಿಂದ ಬೆಳೆ ಹಾಳಾಗುವುದೇ ಹೆಚ್ಚು.

ಈಗಷ್ಟೇ ಬಿದ್ದ ಕಲ್ಲು ಸಿಕ್ಕರೆ

ಮುಟ್ಟುವ ಮುನ್ನ ಫೋಟೋ ತೆಗೆಯಿರಿ: ಹತ್ತಿರದಿಂದ ಒಂದು, ಅಳತೆಗೆ ಪೆನ್ನೋ ನಾಣ್ಯವೋ ಇಟ್ಟು ಒಂದು, ಸುತ್ತಲಿನ ಜಾಗ ಕಾಣುವಂತೆ ಒಂದು. ಲೊಕೇಶನ್, ಹೊಲದ ಸರ್ವೆ ನಂಬರ್, ಸಮಯ ಬರೆದುಕೊಳ್ಳಿ. ಕಲ್ಲು ವಿಕಿರಣ ಸೂಸಿ ಅಪಾಯ ಮಾಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಿದ್ದ ಕೂಡಲೇ ಕೆಂಡದಂತೆ ಸುಡುತ್ತದೆ ಎಂಬುದೂ ನಿಜವಲ್ಲ. ಬರಿಗೈಯಿಂದ ಮುಟ್ಟಬಾರದು ಎನ್ನುವುದು ಕಲ್ಲಿನ ಹಿತಕ್ಕಾಗಿ: ನಮ್ಮ ಬೆವರು, ಎಣ್ಣೆಯಂಶ ತಗುಲಿದರೆ ಅದರೊಳಗಿನ ಸಾವಯವ ಸಂಯುಕ್ತಗಳ ಪರೀಕ್ಷೆ ಕೆಡುತ್ತದೆ. ಅಡುಗೆಮನೆಯ ಹೊಸ ಅಲ್ಯೂಮಿನಿಯಂ ಹಾಳೆಯಿಂದಲೇ ಅದನ್ನು ಹಿಡಿದೆತ್ತಿ, ಅದರಲ್ಲೇ ಸುತ್ತಿ, ಶುಭ್ರವಾದ ಒಣ ಡಬ್ಬಿಯಲ್ಲಿಡಿ. ಪುಡಿ ಉದುರಿದ್ದರೆ ಅದನ್ನೂ, ಅಡಿಯ ಒಂದು ಹಿಡಿ ಮಣ್ಣನ್ನೂ ಬೇರೆ ಬೇರೆ ಪೊಟ್ಟಣ ಮಾಡಿ.

ತೊಳೆಯಬೇಡಿ. ಒಡೆಯಬೇಡಿ. ಅರಿಶಿನ ಕುಂಕುಮ ಹಚ್ಚಬೇಡಿ. ಪೂಜಿಸುವ ಮನಸ್ಸಿದ್ದರೆ ದೂರದಿಂದ ಕೈಮುಗಿದರೆ ಸಾಕು. ಆಯಸ್ಕಾಂತವನ್ನಂತೂ ಹತ್ತಿರ ತರಲೇಬೇಡಿ. ಹಳೆಯ ಮಾರ್ಗದರ್ಶಿಗಳೆಲ್ಲ ಆಯಸ್ಕಾಂತದಿಂದ ಪರೀಕ್ಷಿಸಿ ಎಂದೇ ಹೇಳುತ್ತಿದ್ದವು. ಆದರೆ ಇಂದು ಸುಲಭವಾಗಿ ಸಿಗುವ ಪ್ರಬಲ ಆಯಸ್ಕಾಂತಗಳು ಕಲ್ಲಿನೊಳಗೆ ಕೋಟ್ಯಂತರ ವರ್ಷಗಳಿಂದ ಉಳಿದುಬಂದಿರುವ ಕಾಂತೀಯ ಗುರುತನ್ನು ಕ್ಷಣದಲ್ಲಿ ಅಳಿಸಿಬಿಡುತ್ತವೆ. ಹುಟ್ಟಿದ ಗ್ರಹಕ್ಕೆ ಕಾಂತಕ್ಷೇತ್ರವಿತ್ತೇ ಎಂಬ ಪ್ರಶ್ನೆಗೆ ಆ ಗುರುತೇ ಉತ್ತರ. ಒಮ್ಮೆ ಅಳಿದರೆ ಮರಳಿ ಬಾರದು.

ತಡ ಮಾಡಲೂ ಬಾರದು. ಬಾಹ್ಯಾಕಾಶದ ವಿಕಿರಣದಿಂದ ಕಲ್ಲಿನಲ್ಲಿ ಹುಟ್ಟಿದ ಕೆಲವು ಅಲ್ಪಾಯುಷಿ ಐಸೊಟೋಪುಗಳು ದಿನಗಳಲ್ಲಿ, ವಾರಗಳಲ್ಲಿ ಕ್ಷಯಿಸುತ್ತವೆ, ಅವನ್ನು ಅಳೆದರೆ ಮಾತ್ರ ಕಲ್ಲಿನ ಪೂರ್ವದ ಗಾತ್ರ ಮುಂತಾದವು ತಿಳಿಯುತ್ತವೆ. ಮುಕುಂದಪುರದ ಕಲ್ಲಿನಂಥ ಇಂಗಾಲಯುಕ್ತ ಮೃದು ಕಲ್ಲುಗಳಾದರೆ ಒಂದು ಮಳೆಗೇ ಕರಗಿ ಕೆಡಬಹುದು.

ಮೊದಲೇ ಸಿಕ್ಕ ಅನುಮಾನದ ಕಲ್ಲಾದರೆ

ಬಿದ್ದದ್ದನ್ನು ಯಾರೂ ಕಾಣದ, ಎಲ್ಲೋ ಸಿಕ್ಕಿ ಮನೆಯ ಮೂಲೆಯಲ್ಲಿರುವ ಕಲ್ಲಿನ ವಿಚಾರ ಬೇರೆ. ಇಂಥವುಗಳಲ್ಲಿ ಬಹುಪಾಲು ಭೂಮಿಯವೇ ಆಗಿರುತ್ತವೆ, ಅದರಲ್ಲೂ ನಮ್ಮ ನಾಡಿನಲ್ಲಿ ಕಣ್ಣು ತಪ್ಪಿಸುವ ಕಲ್ಲುಗಳು ಹೇರಳ: ಸಂಡೂರಿನ ಹೆಮಟೈಟ್ ಮತ್ತು ಮ್ಯಾಂಗನೀಸ್ ಅದಿರು, ಕುದುರೆಮುಖದ ಮ್ಯಾಗ್ನಟೈಟ್, ಕರಾವಳಿಯ ಮುರಕಲ್ಲು, ವಿಜಯಪುರ-ಬೀದರ್ ಕಡೆಯ ಕರಿಕಲ್ಲು. ಎಲ್ಲಕ್ಕಿಂತ ಹೆಚ್ಚಾಗಿ ಜನ ಉಲ್ಕಾಶಿಲೆಯೆಂದು ನಂಬುವುದು ಹಳೆಯ ಕುಲುಮೆಗಳ ಕಬ್ಬಿಣದ ಕಿಟ್ಟವನ್ನು, ಏಕೆಂದರೆ ಅದು ಕಪ್ಪಗೆ, ಭಾರವಾಗಿ, ಕರಗಿ ಹರಿದಂತೆ ಇರುತ್ತದೆ.

ಮೊದಲು ಕಣ್ಣಿನಿಂದಲೇ ನೋಡಿ. ಮೇಲ್ಮೈಯಲ್ಲಿ ಅಥವಾ ಒಡೆದ ಕಡೆ ಗುಳ್ಳೆಗಳಂಥ ರಂಧ್ರಗಳಿದ್ದರೆ ಅದು ಹೆಚ್ಚುಕಡಿಮೆ ಖಂಡಿತವಾಗಿ ಕಿಟ್ಟ ಅಥವಾ ಲಾವಾದ ಕಲ್ಲು. ಉಲ್ಕಾಶಿಲೆಗೆ ಒಂದು ಮಿಲಿಮೀಟರಿಗೂ ತೆಳುವಾದ ಕಪ್ಪು ಹೊರಪೊರೆ ಇರುತ್ತದೆ, ಅದು ಎಲ್ಲಾದರೂ ಚಕ್ಕೆ ಎದ್ದಿದ್ದರೆ ಒಳಗೆ ತಿಳಿ ಬೂದು ಬಣ್ಣ ಕಾಣುತ್ತದೆ. ಮೂಲೆಗಳು ಚೂಪಾಗಿರದೆ ಸವೆದಂತಿರುತ್ತವೆ. ಕೆಲವಕ್ಕೆ ಹಿಟ್ಟಿನ ಮುದ್ದೆಯ ಮೇಲೆ ಹೆಬ್ಬೆರಳು ಒತ್ತಿದಂಥ ತಗ್ಗುಗಳಿರುತ್ತವೆ.

ಬಳಿಕ ಬಣ್ಣದ ಗೆರೆ ನೋಡಿ. ನೆಲದ ಟೈಲ್ಸಿನ ಹಿಂಬದಿಯ ಒರಟು ಭಾಗಕ್ಕೆ ಕಲ್ಲನ್ನು ಗಟ್ಟಿಯಾಗಿ ಉಜ್ಜಿ: ಕೆಂಪು-ಕಂದು ಗೆರೆ ಬಂದರೆ ಹೆಮಟೈಟ್, ದಟ್ಟ ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್ ಇರಬೇಕು. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ, ಬಿಟ್ಟರೂ ಮಸುಕಾದ ಬೂದು.

ಮೂರನೆಯದು ಸಾಂದ್ರತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ. ನಂತರ ನೀರಿನ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂಗಳೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಕಲ್ಲಿನ ತೂಕ 350 ಗ್ರಾಂ, ಮುಳುಗಿಸಿದಾಗ 100 ಎಂದು ಬಂದರೆ ಸಾಂದ್ರತೆ 3.5. ಸಾಮಾನ್ಯ ಉಲ್ಕಾಶಿಲೆಗಳು 3.2ರಿಂದ 3.8ರ ಆಸುಪಾಸಿನಲ್ಲಿರುತ್ತವೆ, ಗ್ರಾನೈಟ್ ಸುಮಾರು 2.7, ಒಳ್ಳೆಯ ಹೆಮಟೈಟ್ ಸುಮಾರು 5, ಕಬ್ಬಿಣದ ಉಲ್ಕೆ 7.5ಕ್ಕೂ ಮೇಲೆ.

ಇಷ್ಟನ್ನೂ ದಾಟಿದ ಕಲ್ಲಿನ ಒಂದು ಸಣ್ಣ ಮೂಲೆಯನ್ನಷ್ಟೇ ಸ್ಯಾಂಡ್‌ಪೇಪರಿನಿಂದ ಉಜ್ಜಿ ಭೂತಕನ್ನಡಿಯಲ್ಲಿ ನೋಡಿ. ಬೆಳ್ಳಿಯಂತೆ ಮಿನುಗುವ ಲೋಹದ ಚುಕ್ಕೆಗಳೂ ಸಾಸಿವೆಯಷ್ಟು ಸಣ್ಣ ಗುಂಡು ಕಾಳುಗಳೂ ಕಂಡರೆ ತಜ್ಞರಿಗೆ ತೋರಿಸಲು ಯೋಗ್ಯ. ಆ ಕಾಳುಗಳು ಸೌರವ್ಯೂಹ ರೂಪುಗೊಳ್ಳುತ್ತಿದ್ದ, ಸುಮಾರು 456 ಕೋಟಿ ವರ್ಷಗಳ ಹಿಂದಿನ ಹೊತ್ತಿನವು. ಭೂಮಿಯ ಯಾವ ಬಂಡೆಯಲ್ಲೂ ಅಷ್ಟು ಹಳೆಯದು ಸಿಗದು. ಇವೆಲ್ಲ ಸಾಮಾನ್ಯ ಬಗೆಯ ಲಕ್ಷಣಗಳು ಎಂಬುದು ನೆನಪಿರಲಿ. 2022ರ ಆಗಸ್ಟ್ 17ರಂದು ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ದಿಯೋದರ್ ಬಳಿ ಬಿದ್ದ ಕಲ್ಲು ಆಬ್ರೈಟ್ ಎಂಬ ಅಪರೂಪದ ಬಗೆಯದು. ಆ ಬಗೆಯ ಕಲ್ಲುಗಳಲ್ಲಿ ಲೋಹ ತೀರ ಕಡಿಮೆ, ಬಣ್ಣವೂ ತಿಳಿ. ಬೀಳುವುದನ್ನು ಕಂಡವರಿದ್ದರೆ ಈ ಪರೀಕ್ಷೆಗಳಲ್ಲಿ ಸೋತ ಕಲ್ಲನ್ನೂ ಎಸೆಯಬಾರದು.

ಯಾರಿಗೆ ಒಪ್ಪಿಸಬೇಕು?

ನಮ್ಮ ದೇಶದಲ್ಲಿ ಉಲ್ಕಾಶಿಲೆಗಳ ಪಾಲನೆಯ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯದು. ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಕರ್ನಾಟಕ ಮತ್ತು ಗೋವಾ ಘಟಕದ ಕಚೇರಿ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿದೆ. ಹೊಸದಾಗಿ ಬಿದ್ದ ಕಲ್ಲಾದರೆ ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರರಿಗೂ ತಿಳಿಸಿ, ಕಲ್ಲು ಸಿಕ್ಕ ಜಾಗ, ಸಮಯ, ತೂಕ, ತುಂಡುಗಳ ಸಂಖ್ಯೆ ಎಲ್ಲವನ್ನೂ ನಮೂದಿಸಿದ ಮಹಜರು ಆಗುವಂತೆ ನೋಡಿಕೊಳ್ಳಿ, ಅದರ ಪ್ರತಿ ಪಡೆಯಿರಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಇಂಥ ಕಲ್ಲುಗಳನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಹಳೆಯ ಅನುಮಾನದ ಕಲ್ಲನ್ನು ಮೊದಲು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ತೋರಿಸುವುದು ಸರಳ. ನಿಕ್ಕಲ್ ಅಂಶ ಇದೆಯೇ ಎಂಬ ಒಂದೇ ಪರೀಕ್ಷೆಯಿಂದ ಎಷ್ಟೋ ಕಲ್ಲುಗಳ ವಿಚಾರ ಅಲ್ಲಿಯೇ ಇತ್ಯರ್ಥವಾಗುತ್ತದೆ. ಹೊರದೇಶದಲ್ಲಿರುವವರು ಅಲ್ಲಿನ ಕಾನೂನು ವಿಚಾರಿಸಿಯೇ ಕಲ್ಲನ್ನು ಎತ್ತಬೇಕು, ಏಕೆಂದರೆ ಜಮೀನಿನವರ ಹಕ್ಕು, ಸರ್ಕಾರದ ಹಕ್ಕು, ದೇಶದಿಂದ ಹೊರಗೆ ಒಯ್ಯುವ ನಿಯಮ ಎಲ್ಲವೂ ದೇಶದಿಂದ ದೇಶಕ್ಕೆ ಬೇರೆ.

ಕೊನೆಯದಾಗಿ ಹಣದ ವಿಚಾರ. ಕಲ್ಲು ಸಿಕ್ಕ ಸುದ್ದಿ ಹಬ್ಬಿದೊಡನೆ ಕೋಟಿಗಟ್ಟಲೆ ಬೆಲೆ ಹೇಳಿಕೊಂಡು ಬರುವವರಿರುತ್ತಾರೆ. ಸಿಡಿಲು ಬಡಿದ ಪಾತ್ರೆ ಅಕ್ಕಿ ಸೆಳೆಯುತ್ತದೆ ಎಂದು ನಂಬಿಸುವ ರೈಸ್ ಪುಲ್ಲರ್ ದಂಧೆಯಂತೆಯೇ ಇಲ್ಲಿಯೂ ‘ಪರೀಕ್ಷಾ ಶುಲ್ಕ’, ‘ಪ್ರಮಾಣಪತ್ರದ ಖರ್ಚು’ ಎಂದು ಮುಂಗಡ ಕೇಳುವುದೇ ವಂಚನೆಯ ಮೊದಲ ಲಕ್ಷಣ. ಅಂಥವರಿಗೆ ಕಲ್ಲನ್ನೂ ಕೊಡಬೇಡಿ, ಹಣವನ್ನೂ ಕೊಡಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ಕಲ್ಲು ನಿಜವಾಗಿಯೂ ಉಲ್ಕಾಶಿಲೆಯೆಂದು ಸಿದ್ಧಪಟ್ಟರೆ ಅಂತಾರಾಷ್ಟ್ರೀಯ ಮೀಟಿಯೊರಿಟಿಕಲ್ ಸೊಸೈಟಿ ಅದಕ್ಕೆ ಬಿದ್ದ ಜಾಗದ ಹೆಸರನ್ನೇ ಇಡುತ್ತದೆ. ಆದ್ದರಿಂದ ಕಲ್ಲನ್ನು ಒಪ್ಪಿಸುವಾಗ ಕೊಡುವ ಪತ್ರದಲ್ಲಿ ನಿಮ್ಮ ಊರಿನ, ಹತ್ತಿರದ ಹಳ್ಳಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸರಿಯಾದ ಕಾಗುಣಿತದೊಂದಿಗೆ ಬರೆದುಕೊಡಿ.